ಮೂಲೆಯಲ್ಲಿ ಇರಬೇಕಿದ್ದ ಹೆಸರು

ಬಿಟ್ಟಿ ಕೆಲಸಕ್ಕೆ ಜನ ಹುಡುಕುವುದು ಎಂಥ ಪಾಡು ಎಂದು ನನ್ನನ್ನು ಕೇಳಬೇಕು. ಎರಡು ಸಾವಿರದ ದಶಕದ ಕೊನೆಯ ವರ್ಷಗಳವು. ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಅಗ್ಗದ ಮೊಬೈಲಿಗೆ ಕನ್ನಡದ ಮೆಸೇಜು ಬಂದರೆ ಬರೀ ಚೌಕಗಳು ಕಾಣುತ್ತಿದ್ದವು. ಅಲ್ಲಿ ಕನ್ನಡವನ್ನೇ ತೋರಿಸುವ ತಂತ್ರಾಂಶವೊಂದನ್ನು ಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಕೊಡುವ ಹುಚ್ಚು ನನಗೆ ಹತ್ತಿತ್ತು. ಜೊತೆಗಿದ್ದವನು ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿ. ಅಕ್ಕಾ ಅಕ್ಕಾ ಎನ್ನುತ್ತಾ ದಿನವೂ ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ತಿನ್ನುತ್ತಿದ್ದ. ಪ್ರೋಗ್ರಾಂ ಬರೆಯುವುದರಲ್ಲಿ ನನಗಿಂತ ಚುರುಕು.

ಉಳಿದವರನ್ನು ಹುಡುಕಲು ನಾನೇ ಹೊರಟೆ. ಅರಕಲಗೂಡಿನ ಸಭೆಯೊಂದರಲ್ಲಿ ಮಾತಾಡಿದಾಗ ಚಪ್ಪಾಳೆ ಜೋರಾಗಿಯೇ ಬಿತ್ತು. ಬರುತ್ತೇವೆಂದು ಕೈಯೆತ್ತಿದವರಲ್ಲಿ ಒಬ್ಬರೂ ಬರಲಿಲ್ಲ. ಹೊಳೆನರಸೀಪುರದ ಮೇಷ್ಟ್ರೊಬ್ಬರು ಸರ್ಟಿಫಿಕೇಟ್ ಕೊಡ್ತೀರಾ ಎಂದು ಕೇಳಿದರು. ಇಲ್ಲ ಎಂದ ಮೇಲೆ ಫೋನೇ ಎತ್ತಲಿಲ್ಲ.

ಸಿಕ್ಕವರು ಒಬ್ಬರೇ, ಅದೂ ಕಂಪ್ಯೂಟರನ್ನು ಮುಟ್ಟಿಯೂ ನೋಡದವರು. ಚನ್ನರಾಯಪಟ್ಟಣದಲ್ಲಿ ಬೋರ್ಡ್ ಬರೆಯುತ್ತಿದ್ದ ಪೇಂಟರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿತ್ತು. ಮೊಬೈಲಿನ ಪರದೆ ಎಂದರೆ ಚುಕ್ಕಿಗಳ ಸಾಲು. ಒಂದೊಂದು ಅಕ್ಷರಕ್ಕೂ ಯಾವ ಚುಕ್ಕಿ ಕಪ್ಪಾಗಬೇಕೆಂದು ಗೊತ್ತುಮಾಡಬೇಕು. ಗ್ರಾಫ್ ಹಾಳೆ ಕೊಟ್ಟು, ಕಪ್ಪು ಬೇಕಾದ ಕಡೆ ಚೌಕ ತುಂಬಿ ಎಂದೆ. ನಾವಿಬ್ಬರೂ ತಿಂಗಳುಗಟ್ಟಲೆ ಒದ್ದಾಡಿದ್ದ ಒತ್ತಕ್ಷರಗಳನ್ನು ಅವರು, ಬೋರ್ಡಿನಲ್ಲಿ ಜಾಗ ಸಾಲದಾಗ ಮಾಡುವ ಹಾಗೆ, ಅಕ್ಷರದ ಬಗಲಿಗೆ ಒತ್ತರಿಸಿ ಕೂರಿಸಿಬಿಟ್ಟರು. ಭಾನುವಾರವಾದರೆ ಶಾಂತಿಗ್ರಾಮದ ಮೇಲೆ ಹೋಗುವ ಬಸ್ಸು ಹಿಡಿದು ಹಾಳೆ ತರಲು ಹೋಗುತ್ತಿದ್ದೆ.

ದುಡ್ಡಿನ ಮಾತನ್ನು ಅವರು ಎತ್ತಲೇ ಇಲ್ಲ. ಕೇಳಿದ್ದು ಒಂದೇ.

"ಬೋರ್ಡ್ ಬರುದ್ರೆ ಮೂಲೇಲಿ ನನ್ನೆಸ್ರು ಬರ್ಕೊಳ್ತೀನಿ ಮೇಡಮ್ಮ. ಇದ್ರಲ್ಲೂ ಎಲ್ಲಾರ ಒಂದ್ಕಡೆ ಇರ್ಲಿ."

"ಖಂಡಿತ ಇರುತ್ತೆ. ಇದನ್ನ ಯಾರು ಬೇಕಾದ್ರೂ ತಿದ್ದಬಹುದು, ಮಾಡಿದೋರ ಹೆಸರು ಮಾತ್ರ ಅಳಿಸೋ ಹಾಗಿಲ್ಲ," ಎಂದೆ. ಹೀಗೆ ಬಿಟ್ಟುಕೊಡುವ ತಂತ್ರಾಂಶಕ್ಕೆ ಹಾಗೆಂದು ನಿಯಮವೇ ಇತ್ತು. ನಿಯಮವಿದ್ದರೆ ಸಾಕು ಎಂದುಕೊಂಡಿದ್ದೆ, ಪೆದ್ದಿ.

ಅಮ್ಮನ ಕಣ್ಣಿನ ಆಪರೇಷನ್ನಿಗೆ ರಜೆ ಹಾಕುವಾಗ, ಎಲ್ಲವನ್ನೂ ಇಂಟರ್ನೆಟ್ಟಿಗೆ ಏರಿಸುವ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಿದೆ, ಪಾಸ್‌ವರ್ಡ್ ಸಮೇತ. ಕೆಲವು ವಾರಗಳಲ್ಲೇ ಹಾಸನದ ಮೊಬೈಲ್ ಅಂಗಡಿಯೊಂದರಲ್ಲಿ ನಮ್ಮ ತಂತ್ರಾಂಶ ಮಾರಾಟಕ್ಕಿತ್ತು. ತೆರೆದು ನೋಡಿದೆ. ಪೇಂಟರ ಅಕ್ಷರಗಳೇ. ಮಾಡಿದವರೆಂದು ಆ ಅಕ್ಷರಗಳಲ್ಲೇ ಬರೆದಿದ್ದದ್ದು ಒಂದೇ ಹೆಸರು, ನನ್ನ ಸಹೋದ್ಯೋಗಿಯದು. ಒಳಗಿನ ಪ್ರೋಗ್ರಾಂ ಯಾರಿಗೂ ಕಾಣದಂತೆ ಮುಚ್ಚಿ ಕಂಪನಿಯೊಂದಕ್ಕೆ ಕೊಟ್ಟುಬಿಟ್ಟಿದ್ದ. ಎಲ್ಲರಿಗೂ ಸಿಗಲೆಂದು ನಾವು ಇಂಟರ್ನೆಟ್ಟಿನಲ್ಲಿ ತೆರೆದಿದ್ದ ಪುಟವನ್ನೂ ಅಳಿಸಿದ್ದ.

ಸ್ಟಾಫ್ ರೂಮಿನಲ್ಲೇ ಹಿಡಿದು ಕೇಳಿದೆ. "ನನ್ನ ಹೆಸರು ಹಾಳಾಗಿ ಹೋಗ್ಲಿ. ಅವರದನ್ನ ಯಾಕೋ ತೆಗೆದೆ?"

"ಅಕ್ಕಾ, ಬೋರ್ಡ್ ಬರೆಯೋರ ಹೆಸರು ಇದ್ರೆ ಕಂಪನಿಯವರ ಮುಂದೆ ಏನ್ ಚೆನ್ನಾಗಿರುತ್ತೆ, ನೀವೇ ಹೇಳಿ."

ಆಗಲೂ ಅಕ್ಕಾ ಎಂದನಲ್ಲ, ಅದಕ್ಕೆ ಮೈಯೆಲ್ಲ ಉರಿದುಹೋಯಿತು. ಇಂಥವನನ್ನು ಮನೆಯವನ ಹಾಗೆ ನಂಬಿದೆನಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಮುಂದಿನ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದೆ. ಪೇಂಟರು ಶಾಲೆಯೊಂದರ ಗೋಡೆಗೆ ಬರೆಯುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಅವನು ನಮ್ಮಿಬ್ಬರಿಗೂ ಮೋಸ ಮಾಡಿದ, ಕಂಪನಿಗೆ ದೂರು ಬರೆದಿದ್ದೇನೆ, ನೀವೂ ಸಹಿ ಹಾಕಿ ಎಂದು ಕಾಗದ ಚಾಚಿದೆ. ಅವರು ಕೈಯೊಡ್ಡಲಿಲ್ಲ. ಎಳೆಯುತ್ತಿದ್ದ ಗೆರೆ ಮುಗಿಸಿ, ಬ್ರಷ್ಷನ್ನು ಬಟ್ಟೆಗೆ ಒರೆಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆವಯ್ಯ ಯಾರು ಅಂತ್ಲೇ ನಂಗೊತ್ತಿಲ್ಲ ಮೇಡಮ್ಮ. ಅವ್ರು ನಂಗೇನ್ ಮೋಸ ಮಾಡಾರು? ನಾನು ಕೊಟ್ಟಿದ್ದು ನಿಮ್ ಕೈಗೆ."