ಹಾಲಮ್ಮಕ್ಕನ ಒದ್ದೆ ಹೆಜ್ಜೆ

ಮೊಮ್ಮಗಳು ಹುಟ್ಟಿದಳು. ಇವತ್ತು ಬೆಳಿಗ್ಗೆ, ಚಿತ್ರದುರ್ಗದ ಆಸ್ಪತ್ರೆಯಲ್ಲಿ, ಎರಡೂಮುಕ್ಕಾಲು ಕೆ.ಜಿ. ಎಸ್‌ಟಿಡಿ ಬೂತಿನಿಂದ ಹೊಸದುರ್ಗದ ಬೀಗರಿಗೆ ಕೂಗಿ ಹೇಳಿದೆ. ಊಟ ತರಲು ಹೊಳಲ್ಕೆರೆಗೆ ಹೊರಟಾಗ ಬಸ್ಸಿನ ಕಂಡಕ್ಟರಿಗೂ ಪೇಡೆ ಕೊಟ್ಟೆ. ತಿಂದ, ಟಿಕೆಟ್ಟು ಮಾತ್ರ ಬಿಡದೆ ಹರಿದ.

ಈ ಸುದ್ದಿಯನ್ನು ಕೇಳಬೇಕಾಗಿದ್ದವಳು ನನ್ನ ಅಕ್ಕ ಹಾಲಮ್ಮ. ತೀರಿಕೊಂಡು ವರ್ಷವಾಯಿತು. ಇದ್ದಿದ್ದರೆ ಮಗುವಿನಲ್ಲಿ ಒಂದು ಐಬು ಹುಡುಕದೆ ನೀರು ಕುಡಿಯುತ್ತಿರಲಿಲ್ಲ.

ನಮ್ಮವರಲ್ಲಿ ಯಾರೇ ಹೆಣ್ಣು ನೋಡಲು ಹೊರಟರೂ ಜೀಪಿನ ಮುಂದಿನ ಸೀಟು ಅಕ್ಕನದು. ಹುಡುಗಿಗೆ ಕಾಲು ತೊಳೆಸಿ, ಹೊಸ್ತಿಲ ಬಳಿಯ ಕಡಪಕಲ್ಲಿನ ಮೇಲೆ ನಡೆಸುತ್ತಿದ್ದಳು. ಒದ್ದೆ ಹೆಜ್ಜೆಯ ನಡುವೆ ಒಣಜಾಗ ಉಳಿದರೆ ಪಾಸು. ಪಾದ ಪೂರ್ತಿ ಮೂಡಿತೋ, "ಚಪ್ಪಟೆ ಕಾಲು. ಕಾಲಿಟ್ಟ ಮನೆ ಸಪಾಟು. ಏಳ್ರಿ, ಹೋಗಾಣ." ಈ ತೀರ್ಪು ಎಂದೂ ಉಪ್ಪಿಟ್ಟಿಗಿಂತ ಮುಂಚೆ ಬಂದದ್ದಿಲ್ಲ.

ಹೊಸದುರ್ಗದ ಸವಿತಾ ಆ ಪರೀಕ್ಷೆಯಲ್ಲಿ ಪಾಸಾಗಿಯೇ ನನ್ನ ಮಗ ರುದ್ರೇಶನ ಹೆಂಡತಿಯಾದವಳು. ಮೂರು ಸಲ ಬಸಿರಾದಳು, ಮೂರು ಸಲವೂ ಇಳಿದುಹೋಯಿತು. ಅಕ್ಕ ಕಡಪಕಲ್ಲನ್ನು ಬೈಯಲಿಲ್ಲ, ಹುಡುಗಿಯನ್ನು ಬೈದಳು. "ಹೊಲ ಕೆಟ್ಟೈತೆ ಕಣಪ್ಪ, ಬೇರೆ ಹೊಲ ನೋಡು" ಎಂದು ಸವಿತಾಳ ಎದುರೇ ರುದ್ರೇಶನಿಗೆ ಹೇಳಿದಳು. ಹಿರಿಯೂರಲ್ಲಿ ಎರಡನೇ ಹೆಣ್ಣನ್ನೂ ಗೊತ್ತುಮಾಡಿಟ್ಟಿದ್ದಳು. ಮನೆಯ ಹಿರಿಯನಾದ ನಾನು ಗೋಡೆ ನೋಡುತ್ತಾ ಕುಳಿತಿದ್ದೆ. ಸವಿತಾ ಟ್ರಂಕಿಗೆ ಸೀರೆ ತುಂಬತೊಡಗಿದಳು.

ರುದ್ರೇಶ ಅವಳನ್ನು ತಡೆದು ಚಿತ್ರದುರ್ಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ದೂರು ಹೇಳಲು ಅಕ್ಕನೂ ಬಂದಳು, ಅವಳನ್ನು ಹಿಡಿಯಲು ನಾನು. ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಕೇಳಿದರು.

"ಗಂಡಸಿನ ರಕ್ತ ಯಾಕ್ರಿ? ಅವನೇನು ಬಸುರಾಗಿದ್ನಾ?" ಎಂದಳು ಅಕ್ಕ.

"ಮಗುವಿಗೆ ಅರ್ಧ ಅವರದ್ದೇ ಅಲ್ವೇನಮ್ಮ?"

ರಕ್ತ ಬೆಂಗಳೂರಿಗೆ ಹೋಯಿತು. ತಿಂಗಳ ಮೇಲೆ ಒಂದು ಫೋಟೊ ಬಂತು.

"ಇದೇನ್ರಿ, ಗೊಬ್ಬರದ ಹುಳ" ಎಂದಳು ಅಕ್ಕ.

"ಕ್ರೋಮೋಸೋಮು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಇಪ್ಪತ್ತಮೂರು ಜೊತೆ. ಸವಿತಾದು ಎಲ್ಲಾ ಸರಿ ಇದೆ. ರುದ್ರೇಶಂದು ಎರಡರ ತುದಿ ಮುರಿದು ಅದಲುಬದಲಾಗಿ ಅಂಟಿಕೊಂಡಿವೆ. ಅವನಲ್ಲಿ ಏನೂ ಕಳೆದಿಲ್ಲ, ಅದಕ್ಕೇ ಗಟ್ಟಿಯಾಗಿದ್ದಾನೆ. ಮಗುವಿಗೆ ಅದರಲ್ಲಿ ಒಂದು ಮಾತ್ರ ಹೋದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಅಂಥ ಬಸಿರು ಸಾಮಾನ್ಯವಾಗಿ ನಿಲ್ಲಲ್ಲ. ಆದರೆ ಸರಿಯಾದ ಮಗುವೂ ಆಗಬಹುದು." ಆಮೇಲೆ ಕೇಳಿದರು, "ನಿಮ್ಮ ಮನೇಲಿ ಇನ್ಯಾರಿಗಾದರೂ ಹೀಗೆ ಆಗಿತ್ತಾ?"

ನಾನು ಅಕ್ಕನ ಮುಖ ನೋಡಲಿಲ್ಲ. ಮದುವೆಯಾದ ಆರನೇ ವರ್ಷ ಗಂಡನ ಮನೆಯವರು ಅವಳನ್ನು ನಮ್ಮಲ್ಲಿಗೆ ತಂದು ಬಿಟ್ಟುಹೋದದ್ದು ಇದೇ ಕಾರಣಕ್ಕೆ.

"ಐದು" ಎಂದಳು ಅಕ್ಕ. ಬಳೆ ಮೇಲೆ ಸರಿಸಿ ತೋಳು ಚಾಚಿದಳು. ನಾನೂ ಕೊಟ್ಟೆ. ಮತ್ತೊಂದು ತಿಂಗಳಿಗೆ ರಿಪೋರ್ಟು ಬಂತು, ಇಬ್ಬರಲ್ಲೂ ಅದೇ ಅದಲುಬದಲು.

"ಇದು ಯಾರ ತಪ್ಪೂ ಅಲ್ಲಮ್ಮ" ಎಂದರು ಡಾಕ್ಟರಮ್ಮ.

"ಹಂಗಾದ್ರೆ ನನ್ನ ಯಾಕ್ರಿ ವಾಪಸ್ ಕಳ್ಸಿದ್ರು?"

ಡಾಕ್ಟರಮ್ಮ ರಿಪೋರ್ಟು ಮಡಿಚಿ ಅಕ್ಕನ ಕೈಗಿಟ್ಟರು.

ಮನೆಗೆ ಬಂದವಳೇ ಸವಿತಾಳಿಗೆ, "ಲೇ, ಆ ಟ್ರಂಕು ಅಟ್ಟಕ್ಕೆ ಹಾಕೇ, ಕಾಲಿಗೆ ತಗಲ್ತೈತೆ" ಎಂದಳು. ಅಕ್ಕನ ಕ್ಷಮಾಪಣೆ ಅಷ್ಟೇ. ಆಮೇಲೂ ಹೆಣ್ಣು ನೋಡಲು ಹೋಗುತ್ತಿದ್ದಳು. ಕಲ್ಲಿನ ಮಾತೆತ್ತುತ್ತಿರಲಿಲ್ಲ. ಉಪ್ಪಿಟ್ಟು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು.

ಈ ಸಲ ನಾಲ್ಕನೇ ತಿಂಗಳಲ್ಲಿ ಸವಿತಾಳ ಹೊಟ್ಟೆಯಲ್ಲಿ ಮಗುವಿನ ಸುತ್ತಲಿನ ನೀರು ತೆಗೆದು ಪರೀಕ್ಷೆ ಮಾಡಿದರು. ಜೊತೆಗಳೆಲ್ಲ ನೆಟ್ಟಗಿದ್ದವು.

ಸಂಜೆ ಬೀಗರೂ ಬಂದರು. ಸವಿತಾಳ ಮಂಚದ ಸುತ್ತ ಕುಳಿತು ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಅನ್ನ, ಬೇಳೆಸಾರು ಬಡಿಸಿಕೊಂಡೆವು. ನರ್ಸು ಮಗುವಿನ ಪಾದಕ್ಕೆ ಶಾಯಿ ಹಚ್ಚಿ ಅಚ್ಚೊತ್ತಿದ ಕಾರ್ಡು ಕೈಯಿಂದ ಕೈಗೆ ಬಂತು. ಪಾದ ಪೂರ್ತಿ ಮೂಡಿತ್ತು, ನಡುವೆ ಕೂದಲೆಳೆಯಷ್ಟೂ ಬಿಳಿಯಿಲ್ಲ.

ಸವಿತಾ ತುತ್ತು ಹಿಡಿದುಕೊಂಡೇ ಅದನ್ನು ನೋಡಿದಳು. "ದೊಡ್ಡತ್ತೆ ಇದ್ದಿದ್ರೆ ಇವಳನ್ನ ನಪಾಸು ಮಾಡೋರು" ಎಂದಳು.

"ಊಟ ಆದ್ಮೇಲೆ" ಎಂದೆ ನಾನು.