ಸೋಮವಾರದ ಗಾಣ

ನಮ್ಮತ್ತಿ ಬಾಯಿ ಭಾಳ ಜೋರು. ನಂದೂ ಏನು ಕಮ್ಮಿ ಇರಲಿಲ್ಲ ಅಂತ ಶಿರಗುಪ್ಪಿ ತವರಮನಿಯವರು ಈಗೂ ಹೇಳತಾರ. ಆದ್ರ ಆ ವಾರ ನಾ ಬಾಯಿಗೆ ಬೀಗ ಹಾಕ್ಕೊಂಡು ಅಡ್ಡಾಡಿದ್ನಿ, ಅಷ್ಟು ಹೆದರಿಕಿ. ಮನ್ಯಾಗ ಎಲ್ಲಾರಿಗೂ ಹೆದರಿಕಿ. ನಮ್ಮತ್ತಿಗೆ ಇತ್ತೋ ಇಲ್ಲೋ, ನನಗ ಇವತ್ತಿಗೂ ಗೊತ್ತಾಗಿಲ್ಲ.

ಅಮರಗೋಳದಾಗ ನಮ್ಮದು ಎತ್ತಿನ ಗಾಣ. ಕುಸುಬಿ ಎಣ್ಣಿ ತಗೀತಿದ್ವಿ, ಅದರ ಮ್ಯಾಲೇ ನಮ್ಮ ಹೊಟ್ಟಿ. ಯುದ್ಧ ನಡದಿತ್ತು, ಎಲ್ಲಾದಕ್ಕೂ ಕಂಟ್ರೋಲ್ ಬಂದಿತ್ತು, ಪರ್ಮಿಟ್ ಇಲ್ಲದ ಒಂದು ಹಿಡಿ ಕುಸುಬಿ ಸಿಗತಿರಲಿಲ್ಲ. ಅಂಥಾದ್ರಾಗ ಕಚೇರಿಯಿಂದ ಹುಕುಂ ಬಂತು. ರವಿವಾರ ಬಿಟ್ಟು ಉಳಿದ ದಿನ ಹೊತ್ತು ಹುಟ್ಟಿದಾಗಿಂದ ಮುಳುಗೂತನಕ ಗಾಣ ನಿಲ್ಲಬಾರದು, ನಿಂತದ್ದು ಕಂಡ್ರ ಪರ್ಮಿಟ್ ರದ್ದು. ಕಚೇರಿ ಸಾಹೇಬ ಯಾವಾಗ ಬೇಕಾದ್ರೂ ಬಂದು ನೋಡತಾನಂತ.

ರವಿವಾರ ತಗೊಂಡು ನಾವೇನು ಮಾಡೂದು? ನಮ್ಮ ಮಂದ್ಯಾಗ ಸೋಮವಾರ ಎತ್ತು ಹೂಡಂಗಿಲ್ಲ. ಅದು ಬಸವನ ದಿನ, ಅವತ್ತು ಎತ್ತಿನ ಹೆಗಲಿಗೆ ನೊಗ ಇಟ್ರ ಪಾಪ. ಇನ್ನ ಗಾಣ ನಡಸಾಂವ ಒಬ್ಬ ಸಾಬರ ಚಾಚಾ. ನಾ ಸೊಸಿಯಾಗಿ ಬರೂಕ್ಕಿಂತ ಮೊದಲಿಂದ ಇದ್ದಾಂವ. ಶುಕ್ರವಾರ ಮಧ್ಯಾಹ್ನ ಗೂಟದ ಮ್ಯಾಲಿನ ಟೊಪಗಿ ತಗೊಂಡು ಮಸೂತಿಗೆ ಹೋಗತಿದ್ದ, ತಿರುಗಿ ಬರೂತನಕ ಗಾಣ ನಿಂತಿರತಿತ್ತು. ಅದನ್ನ ಯಾರೂ ಕೇಳಿದ್ದಿಲ್ಲ, ಹೇಳಿದ್ದಿಲ್ಲ. ಸರಕಾರಕ್ಕ ನಮ್ಮ ಸೋಮವಾರಾನೂ ಬ್ಯಾಡ, ಅವನ ಶುಕ್ರವಾರಾನೂ ಬ್ಯಾಡ. ನನಗ ಮೈ ಉರೀತಿತ್ತು.

ನಮ್ಮವರು ಮೆತ್ತನ್ನ ಮನಿಷಾ. ಊಟಕ್ಕ ಕುಂತಾಗ ತಾಯಿಗೆ ಸಾವಕಾಶ ಹೇಳಿದ್ರು. "ಯವ್ವಾ, ಸೋಮವಾರ ಚಾಚಾ ಹೂಡಲಿ. ಅವರೊಳಗ ಆ ನೇಮ ಇಲ್ಲ. ಶುಕ್ರವಾರ ಅಂವ ನಮಾಜಿಗೆ ಹೋದಾಗ ನಾ ಎತ್ತು ಹೊಡೀತೇನಿ."

ನಮ್ಮತ್ತಿ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ಲು. ನನಗಂತೂ ಜೀವಾ ಬಂದಂಗ ಆತು. ನನ್ನ ಗಂಡ ಇಷ್ಟು ಶ್ಯಾಣ್ಯಾ ಅಂತ ನನಗ ಅವತ್ತ ಗೊತ್ತಾಗಿದ್ದು. ಚಾಚಾಗ ಹೇಳಿದ್ರ ಅಂವ ತಲಿ ತಗ್ಗಿಸಿ "ಆಗಲಿರಿ" ಅಂದಾ. ಪರ್ಮಿಟ್ ಹೋದ್ರ ಅವನ ಮನಿ ಒಲೀನೂ ಹತ್ತಂಗಿಲ್ಲ, ಮತ್ತೇನಂದಾನು?

ಸೋಮವಾರ ಮುಂಜಾನೆ ನಾ ಅಂಗಳ ಸಾರಸಾಕತ್ತಿದ್ನಿ. ಚಾಚಾ ಎತ್ತು ಹೊರಗ ತಂದು, ಅದರ ಕಣ್ಣಿಗೆ ಅರಿವಿ ಕಟ್ಟಿ, ನೊಗ ಕೈಯಾಗ ಹಿಡ್ಕೊಂಡು ನಿಂತಾ. ನಿಂತೇ ನಿಂತಾ. ಅಷ್ಟೊತ್ತಿಗೆ ನಮ್ಮತ್ತಿ ಪೂಜಿ ಮುಗಿಸಿ, ಹಣಿತುಂಬ ವಿಭೂತಿ ಹಚ್ಕೊಂಡು ಬಂದಾಕಿ ಆ ನೊಗ ಕಸಕೊಂಡ್ಲು.

"ಅಕ್ಕಾರ, ನಾ ಹೂಡಿದ್ರ ನಿಮಗ ಪಾಪ ಬರಂಗಿಲ್ಲರಿ" ಅಂದಾ ಚಾಚಾ.

"ನನಗ ಬರಂಗಿಲ್ಲೋ ತಮ್ಮಾ. ಹೂಡಿದಾಂವ ಯಾರು ಅಂತ ಎತ್ತಿಗೇನು ಗೊತ್ತು? ಸೋಮವಾರ ನಂದಲ್ಲ, ಅದರದು."

ಎತ್ತಿನ ಕಣ್ಣಿನ ಅರಿವಿ ಬಿಚ್ಚಿ, ಮೇವಿನ ಮುಂದ ಕಟ್ಟಿ ಬಂದ್ಲು. ಆಮ್ಯಾಲ ಸೆರಗು ಸೊಂಟಕ್ಕ ಸಿಗಿಸಿ, ಎತ್ತು ಎಳಿಯೂ ಅಡ್ಡಮರಕ್ಕ ತನ್ನ ಹೆಗಲು ಕೊಟ್ಲು. ಗಾಣ ತಿರಗಬೇಕು ಅಂತ ಬರದಾರ, ಯಾರು ತಿರಗಸಬೇಕು ಅಂತ ಬರದಿಲ್ಲ ಅಂದ್ಲು. ಚಾಚಾ ಓಡಿ ಬಂದಾ, ನಮ್ಮವರೂ ಬಂದ್ರು. ಮರದ ಮ್ಯಾಲಿನ ಭಾರದ ಕಲ್ಲು ಅರ್ಧ ಇಳಿಸಿ ಮೂರೂ ಮಂದಿ ನೂಕಾಕತ್ರು. ನನ್ನನ್ನ ಬಾಗಲದಾಗ ನಿಂದ್ರಿಸಿದ್ರು, ಸಾಹೇಬ ಬಂದ್ರ ಹೇಳಾಕ.

ದಿನಾಪೂರ್ತಿ ನನ್ನ ಕಿವಿ ಹಾದಿಗೆ. ಸೈಕಲ್ ಗಂಟಿ ಕೇಳಿದ್ರ ಒಳಗ ಓಡತಿದ್ನಿ. ಒಳಗ ಗಾಣ ಕಿರ್ ಅಂತ ಸಾವಕಾಶ ತಿರಗತಿತ್ತು, ನಡುನಡುವ ನಿಲ್ಲತಿತ್ತು, ನಿಂತಾಗೆಲ್ಲಾ ಸಾಹೇಬ ಈಗ ಬಂದ ಅಂತ ನಾ ಹಾದಿಗೆ ಇಳದು ನೋಡತಿದ್ನಿ. ಸಾಹೇಬ ಬರಲೇ ಇಲ್ಲ. "ಸುಳ್ಳೇ ಸತ್ವಿ, ಬಾಗಲಾ ಹಾಕ್ಕೊಂಡು ಕುಂತಿದ್ರೂ ನಡೀತಿತ್ತು" ಅಂತ ನಮ್ಮವರು ಸಂಜೀಮುಂದ ನೆಲಕ್ಕ ಬಿದ್ಕೊಂಡ್ರು.

ಮರುದಿನ ನಮ್ಮತ್ತಿಗೆ ಕೈ ಮ್ಯಾಲ ಏಳದಂಗ ಆತು. ಹೆಗಲಿಗೆ ಅರಿಶಿಣ ಹಚ್ಚಿ, ಆಕಿ ತಲಿ ನಾನೇ ಬಾಚಿ ತುರುಬು ಕಟ್ಟಿದ್ನಿ. ಈ ವಯಸ್ಸಿನ್ಯಾಗ ಯಾಕ ಬೇಕಿತ್ರಿ ನಿಮಗ ಇದು, ಚಾಚಾ ಒಪ್ಪಿದ್ನಲ್ಲ ಅಂತ ಒಂದಿಷ್ಟು ಅಂದ್ನಿ. "ಸಿಟ್ಟು ಕೂದಲ ಮ್ಯಾಲ ತೀರಿಸಬ್ಯಾಡ, ಮೊದಲ ಉದರ್ಯಾವ" ಅಂದ್ಲು.

ಶುಕ್ರವಾರ ನಮ್ಮವರು ಸರಕಾರಕ್ಕ ಎಣ್ಣಿ ಮುಟ್ಟಸಾಕ ಹುಬ್ಬಳ್ಳಿಗೆ ಹೋಗಿದ್ರು. ಮಧ್ಯಾಹ್ನ ಆದ್ರೂ ಚಾಚಾ ಟೊಪಗಿ ಮುಟ್ಟಲಿಲ್ಲ, ಎತ್ತಿನ ಹಿಂದ ಸುಮ್ಮನ ತಿರಗತಿದ್ದ. ನಮ್ಮತ್ತೀನೇ ಗೂಟದ ಮ್ಯಾಲಿಂದ ಟೊಪಗಿ ಎಡಗೈಲೆ ತಗದು ಕೊಟ್ಲು.

"ನಿಮಗ ಕೈ ಏಳಂಗಿಲ್ಲ, ಎತ್ತು ಹೆಂಗ ಹೊಡೀತೀರಿ ಅಕ್ಕಾರ?"

"ಬಾಯಿ ಐತಲ್ಲ. ಅದರ ಜೋರು ನನ್ನ ಸೊಸೀನ ಕೇಳು. ಲಗೂ ಹೋಗಿ ಬಾ."

ಅಂವ ಹೋದಾ, ಈಕಿ ಅಡ್ಡಮರದ ಮ್ಯಾಲ ಕುಂತು ಎತ್ತು ಹೊಡ್ಯಾಕತ್ಲು. ಸ್ವಲ್ಪ ಹೊತ್ತಿಗೆ ಬಾಗಲದಾಗ ಸೈಕಲ್ ನಿಂತಿತು. ಸಾಹೇಬ. ಚಾಚಾ ಕುಸುಬಿ ತರಾಕ ಹೋಗ್ಯಾನ ಅಂತ ಹೇಳ್ರಿ ಅಂತ ನಾ ಆಕಿ ಕಿವ್ಯಾಗ ಪಿಸಗುಟ್ಟಿದ್ನಿ.

"ಗಾಣದಾಂವ ಎಲ್ಲಿ?"

"ನಮಾಜಿಗೆ ಹೋಗ್ಯಾನ್ರಿ" ಅಂದ್ಲು ನಮ್ಮತ್ತಿ. "ಗಾಣ ತಿರಗಾಕತ್ತೈತಿ, ನೋಡ್ರಿ."

ಸಾಹೇಬ ನಮ್ಮ ಕಡಿಯಾವನ ಇದ್ದ. ಆಕಿ ಹಣಿ ಮ್ಯಾಲಿನ ವಿಭೂತಿ ನೋಡಿದಾ. "ಸೋಮವಾರ ತಿರಗಿತ್ತೇನು?"

"ತಿರಗಿತ್ರಿ."

"ನೀವು ಸೋಮವಾರ ಎತ್ತು ಹೂಡಿದ್ರಿ? ಅವ್ವಾರ, ಸುಳ್ಳು ಹೇಳಬ್ಯಾಡ್ರಿ."

ಮುಗೀತು ನಮ್ಮ ಪರ್ಮಿಟ್ ಅಂದ್ಕೊಂಡ್ನಿ. ನಮ್ಮತ್ತಿ ಕೆಳಗ ಇಳದು, ಅವನಿಗೆ ಬೆನ್ನು ಮಾಡಿ, ಹೆಗಲ ಮ್ಯಾಲಿನ ಸೆರಗು ಸರಿಸಿದ್ಲು. ಅರಿಶಿಣದ ಕೆಳಗ ಹೆಗಲು ಕಪ್ಪಗ ಕಂದಿ ಬಾತಿತ್ತು, ತೊಗಲು ಸುಲದಿತ್ತು. ಸಾಹೇಬ ನೋಡಿ ಮಾರಿ ತಿರುವಿದಾ.

"ಹಿಂಗ ಎಷ್ಟು ಸೋಮವಾರ ಮಾಡತೀರಿ? ಈ ಹೆಗಲು ತಡಿಯಂಗಿಲ್ಲರಿ."

"ಇನ್ನೊಂದು ಐತಲ್ರಿ" ಅಂದ್ಲು.

ಗಾಣ ನಡದೈತಿ ಅಂತ ಬರಕೊಂಡು ಸಾಹೇಬ ಹೋದಾ. ನಾ ಗಳಗಳ ಅತ್ನಿ. ನಮ್ಮತ್ತಿ ತಿರುಗಿ ಮರದ ಮ್ಯಾಲ ಕುಂತು, "ಅಳಬ್ಯಾಡ, ಅದೂ ಹೋದ್ರ ನಿನ್ನವು ಎರಡು ಅದಾವ" ಅಂದ್ಲು.

ಮುಂದಿನ ಸೋಮವಾರ ಯಾರೂ ಹೇಳದ ನಾನೇ ಹೋಗಿ ಅಡ್ಡಮರಕ್ಕ ಹೆಗಲು ಕೊಟ್ನಿ. ಬಾಗಲದಾಗ ನಮ್ಮತ್ತಿ ಕುಂತಿದ್ಲು, ನನ್ನ ಹಿಂದ ಚಾಚಾ ನೂಕತಿದ್ದ. ಎತ್ತು ಮೆಲಕ ಹಾಕ್ಕೋಂತ ನಮ್ಮನ್ನ ನೋಡತಿತ್ತು.