ಸೆರಗು ಸಮೇತ ತೊಟ್ಟಿಲಿಗೆ

೧೯೩೮ನೇ ಇಸವಿ. ನನಗಾಗ ಹದಿನೇಳು. ಹಾನಗಲ್ಲಿನ ನಮ್ಮ ಮನೆಯಲ್ಲಿ ನನ್ನಷ್ಟು ಸೋಮಾರಿ ಇನ್ನೊಬ್ಬರಿರಲಿಲ್ಲ. ಅಣ್ಣನ ಹೆಂಡತಿ ಗೌರವ್ವ ವೈನಿ ಚೊಚ್ಚಲ ಬಾಣಂತನಕ್ಕೆಂದು ಶಿಗ್ಗಾಂವಿಯ ತವರಿಗೆ ಹೋಗಿದ್ದಳು. ಸೋದರತ್ತೆ ಹೊಲಿದ ಕೌದಿ ಹಾಸದೆ ಕೂಸನ್ನು ತೊಟ್ಟಿಲಿಗೆ ಹಾಕುವ ರೂಢಿ ನಮ್ಮವರಲ್ಲಿ ಇರಲಿಲ್ಲ. ಆ ಸೋದರತ್ತೆ ನಾನೇ.

ಅವ್ವ ಮೂರು ತಿಂಗಳ ಮೊದಲೇ ಕೌದಿಗೆಂದು ಹಳೆಯ ಸೀರೆಗಳ ಗಂಟು ಕೊಟ್ಟಿದ್ದಳು. "ನಾಳೆ ಹೊಲಿಯಾಕ ಕೂಡ್ತೇನಿ" ಎನ್ನುತ್ತಾ ನಾನು ಅದನ್ನೇ ತಲೆದಿಂಬು ಮಾಡಿಕೊಂಡು ಮಧ್ಯಾಹ್ನ ಮಲಗುತ್ತಿದ್ದೆ.

"ನಾಳೆ ಅಂದವರ ಮನಿ ಹಾಳು" ಎಂದು ಅವ್ವ ಗೊಣಗುತ್ತಿದ್ದಳು. ಆ ಮಾತಿಗೆ ನನ್ನ ಕಿವಿ ಒಗ್ಗಿಹೋಗಿತ್ತು.

ಒಂದು ದಿನ ಮಧ್ಯಾಹ್ನ ನಾನು ಹಾಗೇ ಮಲಗಿದ್ದಾಗ ಅಣ್ಣ ಓಡುತ್ತಾ ಬಂದ. "ಹೆಣ್ಣು ಹುಟ್ಟೇತಿ! ಇನ್ನ ಒಂಬತ್ತ ದಿನಕ್ಕ ತೊಟ್ಟಲಾ. ದೀಪ ಹಚ್ಚೂ ಹೊತ್ತಿಗೆ ಮುಹೂರ್ತ. ಶಾಂತವ್ವ, ಕೌದಿ ಆತೇನು?"

ಅವನ ಮುಖದ ಸಂತೋಷ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಮುಗಿಯಾಕ ಬಂದೇತಿ" ಎಂದುಬಿಟ್ಟೆ. ಒಂದು ಹೊಲಿಗೆಯೂ ಬಿದ್ದಿರಲಿಲ್ಲ.

ಅಂದಿನಿಂದ ಕೈಗೆ ದೆವ್ವ ಹೊಕ್ಕಂತಾಯಿತು. ಊಟದ ಗಂಗಾಳ ಮುಂದಿದ್ದರೂ ಸೂಜಿ ಬಿಡಲಿಲ್ಲ. ಮೂರು ತಿಂಗಳಲ್ಲಿ ಆಗದ ಕೆಲಸ ಕಣ್ಣೆದುರೇ ಆಗುತ್ತಾ ಬಂತು. ನನಗೇ ಆಶ್ಚರ್ಯ. ಆದರೂ ಹೊರಡುವ ದಿನ ಒಂದು ಅಂಚು ಉಳಿದೇಬಿಟ್ಟಿತು. ಎತ್ತಿನ ಚಕ್ಕಡಿಯಲ್ಲಿ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಬಂಕಾಪುರದ ದಾರಿಯುದ್ದಕ್ಕೂ ಹೊಲಿದೆ. ಶಿಗ್ಗಾಂವಿಯ ಮನೆಗಳು ಕಾಣುವಷ್ಟರಲ್ಲಿ ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದೆ. ಗೆದ್ದೆ ಅನ್ನಿಸಿತು.

ಇಳಿಯಲು ಎದ್ದರೆ ಕೌದಿಯೂ ನನ್ನ ಜೊತೆ ಎದ್ದಿತು. ಹೊಸ ಇಳಕಲ್ ಸೀರೆಯ ಸೆರಗನ್ನೂ ಸೇರಿಸಿ ಹೊಲಿದಿದ್ದೆ, ಗೇಣುದ್ದ, ಬಲು ಬಿಗಿಯಾಗಿ!

ಒಳಗೆ ಆಗಲೇ ದೀಪ ಹಚ್ಚಿದ್ದರು, ಹೆಂಗಸರೆಲ್ಲ ನೆರೆದಿದ್ದರು. ನನಗೆ ಅಳುವೇ ಬಂತು. ವೈನಿಯ ಅವ್ವ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಚ್ಚಾಕ ಹೊತ್ತಿಲ್ಲ. ಅತ್ತಿ ಸಮೇತ ಹಾಸ್ರಿ ತೊಟ್ಟಲಕ್ಕ!"

ಹಾಗೇ ಹಾಸಿದರು. ಗೂಟಕ್ಕೆ ಕಟ್ಟಿದ ಕರುವಿನಂತೆ ಬಗ್ಗಿ ನಿಂತು ಕೂಸಿನ ಕಿವಿಯಲ್ಲಿ "ಕುರ್ರ್... ನೀಲವ್ವ" ಎಂದೆ. ಹೆಸರಿಟ್ಟ ಅತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ಪದ್ಧತಿ. ಬೇರೆ ಅತ್ತೆಯರಾದರೆ ಹೆಸರು ಹೇಳಿದ್ದೇ ಓಡುತ್ತಾರೆ. ನಾನೆಲ್ಲಿಗೆ ಓಡಲಿ? "ಸಿಕ್ಕಾಳ ನೋಡ್ರೇ!" ಎಂದು ಎಲ್ಲರೂ ಮನಸಾರೆ ಗುದ್ದಿದರು. ಇಷ್ಟು ಗದ್ದಲದಲ್ಲೂ ಕೂಸು ನನ್ನ ಕೌದಿಯ ಮೇಲೆ ಬೆಚ್ಚಗೆ ನಿದ್ದೆ ಹೋಗಿತ್ತು.

ಆಮೇಲೆ ಅಣ್ಣನ ಹತ್ತಿರ ಸುಳ್ಳು ಒಪ್ಪಿಕೊಂಡೆ. "ಗೊತ್ತಿತ್ತ ಬಿಡವಾ," ಎಂದ. "ಅವತ್ತು ಗಂಟು ನಿನ್ನ ತಲಿ ಕೆಳಗ ಇತ್ತಲ್ಲ!"

ಹೊಲಿಗೆ ಬಿಚ್ಚಲು ಮನಸ್ಸಾಗಲಿಲ್ಲ. ಸೆರಗಿನ ಆ ತುಂಡನ್ನೇ ಕತ್ತರಿಸಿ ಕೌದಿಗೆ ಬಿಟ್ಟೆ. ಮುಂದೆ ನೀಲವ್ವನ ಮಕ್ಕಳೂ ಅದರ ಮೇಲೆ ಮಲಗಿ ಬೆಳೆದರು. ನನ್ನ "ನಾಳೆ" ಮಾತ್ರ ಇಂದಿಗೂ ಹೋಗಿಲ್ಲ. ಅದಕ್ಕೇ ಯಾವ ಕೆಲಸವಿದ್ದರೂ ಮೊದಲು ಅದನ್ನು ಮುಗಿಸಲು ಒಂದು ದಿನ ಗೊತ್ತು ಮಾಡಿ ನೀಲವ್ವನಿಗೆ ಹೇಳಿಬಿಡುತ್ತೇನೆ. ನಾನು ಮೈಗಳ್ಳತನ ಮಾಡುವುದು ಕಂಡರೆ ಅವಳು ಕೇಳುವುದು ಒಂದೇ ಮಾತು: "ಅತ್ತಿ, ಚಕ್ಕಡಿ ಹೂಡಾಕ ಹೇಳ್ಲೇನು?"